ಪೋಸ್ಟ್ ಮಾಯವಾಯಿತೇ? ಯಾವ ಬಾಗಿಲು ತಟ್ಟಬೇಕು, ಎಷ್ಟು ದಿನದೊಳಗೆ

"ಫೇಸ್‌ಬುಕ್‌ನವರು ನನ್ನ ಪೋಸ್ಟ್ ಕಿತ್ತುಹಾಕಿದ್ದಾರೆ, ವಾಕ್ ಸ್ವಾತಂತ್ರ್ಯ ಅಂದರೆ ಇದೇನಾ?" "ಯೂಟ್ಯೂಬ್ ಸ್ಟ್ರೈಕ್ ಕೊಟ್ಟಿದೆ, ವಿಡಿಯೊ ಡಿಲೀಟ್ ಮಾಡಿದರೆ ಹೋಗುತ್ತಾ?" "ಎಕ್ಸ್‌ನಲ್ಲಿ ನನ್ನ ಖಾತೆ ಭಾರತದಲ್ಲಿ ಮಾತ್ರ ಕಾಣುತ್ತಿಲ್ಲ, ಯಾರನ್ನು ಕೇಳಲಿ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳಿವು. ಮೇಲ್ನೋಟಕ್ಕೆ ಮೂರೂ ಒಂದೇ ಥರ ಕಂಡರೂ ಮೂರಕ್ಕೂ ಹೋಗಬೇಕಾದ ದಾರಿ ಬೇರೆ ಬೇರೆ. ತೆಗೆದವರು ಯಾರು ಎಂದು ನೋಡದೆ ಸಿಕ್ಕ ಕಡೆಯೆಲ್ಲ ದೂರು ಕೊಡುತ್ತ ಕೂತರೆ, ನಿಜವಾಗಿ ಕೇಳಬೇಕಾದ ಕಡೆಯ ಗಡುವು ಮುಗಿದುಹೋಗಿರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ.

ಮೊದಲು ಒಂದು ಮಾತು. ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯ ಮೂಲತಃ ಸರ್ಕಾರದ ಕೈ ಕಟ್ಟುವಂಥದ್ದು. ಮೆಟಾ, ಗೂಗಲ್, ಎಕ್ಸ್ ಖಾಸಗಿ ಕಂಪನಿಗಳು. ಖಾತೆ ತೆರೆಯುವಾಗ ನೀವು ಒಪ್ಪಿಗೆ ಒತ್ತಿದ ಷರತ್ತುಗಳ ಮೇಲೆ ಅವು ನಡೆಯುತ್ತವೆ. ಹಾಗೆಂದು ಅವು ಆಡಿದ್ದೇ ಆಟವೂ ಅಲ್ಲ. 2021ರ ಫೆಬ್ರುವರಿ 25ರಂದು ಪ್ರಕಟವಾದ ಮಾಹಿತಿ ತಂತ್ರಜ್ಞಾನ ನಿಯಮಗಳು (ಮುಂದೆ ಇದನ್ನು ಐಟಿ ನಿಯಮ ಎನ್ನುತ್ತೇವೆ) ಕಂಪನಿಗಳ ಮೇಲೆ ಕೆಲವು ಕರ್ತವ್ಯ ಹೊರಿಸಿವೆ. ನಿಮ್ಮ ವಾದ ನಿಲ್ಲುವುದು ಆ ನಿಯಮಗಳ ಮೇಲೆ. "ನನ್ನ ಮೂಲಭೂತ ಹಕ್ಕು" ಎಂಬ ಒಂದೇ ಸಾಲಿನ ಮನವಿಯಿಂದ ಪೋಸ್ಟ್ ವಾಪಸ್ ಬರುವುದಿಲ್ಲ.

ಬೇಕಾಗುವ ಸಾಮಾನು

ತೆಗೆದುಹಾಕಿದ ಪೋಸ್ಟಿನ ಲಿಂಕ್. ಕಂಪನಿ ಕಳಿಸಿದ ಸೂಚನೆಯ ಸ್ಕ್ರೀನ್‌ಶಾಟ್, ದಿನಾಂಕ ಮತ್ತು ಸಮಯ ಕಾಣುವಂತೆ. ಪೋಸ್ಟಿನ ಪೂರ್ತಿ ಪಠ್ಯ ಅಥವಾ ಮೂಲ ವಿಡಿಯೊ ಫೈಲ್. ಖಾತೆಗೆ ಜೋಡಿಸಿದ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಹಳೆಯ ಸಿಮ್ ಬಿಸಾಡಿ ಮೂರು ವರ್ಷವಾದವರು ಒಟಿಪಿ ಬಾರದೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ದಿನಾಂಕ ಬರೆದಿಡಲು ಒಂದು ಪುಸ್ತಕ ಅಥವಾ ಎಕ್ಸೆಲ್ ಹಾಳೆ. ಈ ಕೆಲಸದಲ್ಲಿ ಎಲ್ಲವೂ ದಿನಾಂಕದ ಮೇಲೆಯೇ ನಿಂತಿರುತ್ತದೆ.

ಇನ್ನೂ ಏನೂ ಆಗಿಲ್ಲದವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್ ಮೂರರಲ್ಲೂ ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಳ್ಳುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಯೂಟ್ಯೂಬ್‌ಗೆ ಗೂಗಲ್ ಟೇಕ್‌ಔಟ್ ಇದೆ. ಖಾತೆಗೇ ಬೀಗ ಬಿದ್ದ ಮೇಲೆ ಹತ್ತು ವರ್ಷದ ಬರಹ ಕೈಗೆ ಸಿಗುತ್ತದೆಂದು ಹೇಳುವಂತಿಲ್ಲ.

ಹಂತ 1: ಸೂಚನೆ ಅಸಲಿಯೋ ನಕಲಿಯೋ ನೋಡಿ

"ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಅಳಿಸಲಾಗುವುದು, ಮೇಲ್ಮನವಿಗೆ ಇಲ್ಲಿ ಒತ್ತಿ" ಎಂದು ಮೆಸೆಂಜರ್‌ನಲ್ಲಿ ಬಂದರೆ ಒತ್ತಬೇಡಿ. ಮೆಟಾ ಲೋಗೊ ಹಾಕಿಕೊಂಡ ಕಳ್ಳರು ಪಾಸ್‌ವರ್ಡ್ ಕದಿಯುವ ಹಳೆಯ ಉಪಾಯ ಇದು. ಅಸಲಿ ಸೂಚನೆ ಆ್ಯಪ್‌ನ ಒಳಗೇ ಇರುತ್ತದೆ. ಫೇಸ್‌ಬುಕ್‌ನಲ್ಲಿ ಸಪೋರ್ಟ್ ಇನ್‌ಬಾಕ್ಸ್, ಇನ್‌ಸ್ಟಾಗ್ರಾಮ್‌ನಲ್ಲಿ ಅಕೌಂಟ್ ಸ್ಟೇಟಸ್, ಯೂಟ್ಯೂಬ್‌ನಲ್ಲಿ ಸ್ಟುಡಿಯೊ ಡ್ಯಾಶ್‌ಬೋರ್ಡ್ ತೆರೆದು ನೋಡಿ. ಅಲ್ಲಿ ಇಲ್ಲದ್ದು ಎಲ್ಲೂ ಇಲ್ಲ.

ದುಡ್ಡು ಕೊಟ್ಟರೆ ಖಾತೆ ವಾಪಸ್ ಕೊಡಿಸುತ್ತೇವೆ ಎನ್ನುವವರು ಕಾಮೆಂಟ್‌ಗಳಲ್ಲಿ ಸಾಲುಗಟ್ಟಿರುತ್ತಾರೆ. ಈ ಲೇಖನದಲ್ಲಿ ಬರುವ ದಾರಿಗಳಲ್ಲಿ ಕೋರ್ಟ್ ಒಂದನ್ನು ಬಿಟ್ಟು ಉಳಿದ ಯಾವುದಕ್ಕೂ ಶುಲ್ಕವಿಲ್ಲ.

ಹಂತ 2: ತೆಗೆದವರು ಯಾರು?

ಇಡೀ ಲೇಖನದಲ್ಲಿ ಒಂದೇ ಹಂತ ಓದುತ್ತೀರಾದರೆ ಇದನ್ನು ಓದಿ. ಸಾಧ್ಯತೆಗಳು ನಾಲ್ಕು.

ಒಂದು, ಕಂಪನಿಯೇ ತೆಗೆದದ್ದು. ಸೂಚನೆಯಲ್ಲಿ "ಸಮುದಾಯ ಮಾನದಂಡ" ಅಥವಾ "ಕಮ್ಯುನಿಟಿ ಗೈಡ್‌ಲೈನ್ಸ್" ಎಂದಿರುತ್ತದೆ. ಯಾವ ನಿಯಮ ಎಂಬುದೂ ಇರುತ್ತದೆ: ದ್ವೇಷ ಭಾಷಣ, ಹಿಂಸೆ ಮತ್ತು ಪ್ರಚೋದನೆ, ನಗ್ನತೆ, ಸ್ಪ್ಯಾಮ್ ಇತ್ಯಾದಿ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಕಂಪನಿ ಸೋಸುವ ಈ ಕೆಲಸಕ್ಕೇ ಕಂಟೆಂಟ್ ಮಾಡರೇಶನ್ ಎನ್ನುವುದು. ಮೊದಲ ಸುತ್ತಿನಲ್ಲಿ ಬಹುಪಾಲು ಕೆಲಸ ಸಾಫ್ಟ್‌ವೇರ್‌ನದು.

ಎರಡು, ಹಕ್ಕುಸ್ವಾಮ್ಯದವರು ತೆಗೆಸಿದ್ದು. ಸೂಚನೆಯಲ್ಲಿ ಕಾಪಿರೈಟ್ ಎಂಬ ಪದ ಮತ್ತು ದೂರು ಕೊಟ್ಟವರ ಹೆಸರು ಇರುತ್ತದೆ.

ಮೂರು, ಸರ್ಕಾರ ಅಥವಾ ಕೋರ್ಟ್ ತೆಗೆಸಿದ್ದು. ಎಕ್ಸ್‌ನಲ್ಲಾದರೆ ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಬೂದು ಫಲಕ ಕಾಣುತ್ತದೆ. ಯೂಟ್ಯೂಬ್‌ನಲ್ಲಿ ಕಾನೂನು ದೂರು ಅಥವಾ ಸರ್ಕಾರಿ ಆದೇಶದ ಕಾರಣ ಈ ದೇಶದಲ್ಲಿ ಲಭ್ಯವಿಲ್ಲ ಎಂಬ ಒಕ್ಕಣೆ ಇರುತ್ತದೆ. ಅನುಮಾನವಿದ್ದರೆ ಸುಲಭದ ಪರೀಕ್ಷೆ ಇದೆ: ದುಬೈಯಲ್ಲೋ ಅಮೆರಿಕದಲ್ಲೋ ಇರುವ ನೆಂಟರಿಗೆ ಲಿಂಕ್ ಕಳಿಸಿ ತೆರೆಯಲು ಹೇಳಿ. ಅಲ್ಲಿ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ ಎಂದರೆ ಅದು ದೇಶಕ್ಕೆ ಸೀಮಿತವಾದ ತಡೆ, ಅಂದರೆ ಬಹುತೇಕ ಕಾನೂನು ಆದೇಶವೇ. ಎಲ್ಲೂ ಕಾಣದಿದ್ದರೆ ಕಂಪನಿಯ ನಿಯಮದಡಿ ಹೋಗಿರುವ ಸಂಭವ ಹೆಚ್ಚು. ಅವರ ಕಡೆಯಿಂದಲೂ ಒಂದು ಸ್ಕ್ರೀನ್‌ಶಾಟ್ ತರಿಸಿಟ್ಟುಕೊಳ್ಳಿ, ಮುಂದೆ ವಕೀಲರು ಕೇಳುತ್ತಾರೆ.

ನಾಲ್ಕು, ಯಾರೂ ತೆಗೆದಿಲ್ಲ, ಹರಡುವುದನ್ನು ತಗ್ಗಿಸಿದ್ದಾರೆ. ಜನ ಇದನ್ನು ಶ್ಯಾಡೋ ಬ್ಯಾನ್ ಎನ್ನುತ್ತಾರೆ. ಇನ್‌ಸ್ಟಾಗ್ರಾಮ್‌ನ ಅಕೌಂಟ್ ಸ್ಟೇಟಸ್‌ನಲ್ಲಿ ನಿಮ್ಮ ಪೋಸ್ಟ್‌ಗಳನ್ನು ಹೊಸಬರಿಗೆ ಶಿಫಾರಸು ಮಾಡಲಾಗುತ್ತಿದೆಯೇ ಇಲ್ಲವೇ ಎಂದು ತೋರಿಸುತ್ತದೆ, ಅಲ್ಲಿಂದಲೇ ಆಕ್ಷೇಪಿಸಲೂಬಹುದು. ಲೈಕ್ ಕಡಿಮೆಯಾದ ಮಾತ್ರಕ್ಕೆ ಶ್ಯಾಡೋ ಬ್ಯಾನ್ ಎಂದು ತೀರ್ಮಾನಿಸಬೇಡಿ. ಎಷ್ಟೋ ಸಲ ಪೋಸ್ಟೇ ಸಪ್ಪೆ ಇರುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತೆಗೆದುಹಾಕಬೇಕು. "ಐನೂರು ಜನ ರಿಪೋರ್ಟ್ ಹೊಡೆದರು, ಅದಕ್ಕೇ ಹೋಯಿತು" ಎನ್ನುವುದು ಸಾಮಾನ್ಯ. ರಿಪೋರ್ಟ್‌ಗಳ ಸಂಖ್ಯೆಯನ್ನು ನೋಡಿ ತೆಗೆಯುವುದಿಲ್ಲ ಎಂದು ಕಂಪನಿಗಳು ಹೇಳುತ್ತವೆ. ರಿಪೋರ್ಟ್ ಆದದ್ದು ಪರಿಶೀಲನೆಯ ಸಾಲಿಗೆ ಸೇರುತ್ತದೆ, ಅಲ್ಲಿ ತಪ್ಪು ನಿರ್ಧಾರ ಆಗಿರಬಹುದು. ಮನವಿಯಲ್ಲಿ ಎದುರು ಗುಂಪಿನವರನ್ನು ಬೈದು ಪ್ರಯೋಜನವಿಲ್ಲ. ಓದುವವರಿಗೆ ನಿಮ್ಮ ಊರಿನ ಜಗಳ ಬೇಕಿಲ್ಲ.

ಹಂತ 3: ಆ್ಯಪ್‌ನೊಳಗಿನ ಮೇಲ್ಮನವಿ

ಕಂಪನಿಯೇ ತೆಗೆದಿದ್ದರೆ ಮೊದಲ ಮೆಟ್ಟಿಲು ಇದು. ಇದನ್ನು ಹಾರಿ ಮೇಲೆ ಹೋದರೆ ಮುಂದಿನವರು "ಅಲ್ಲಿ ಕೇಳಿದಿರಾ?" ಎಂದೇ ಶುರು ಮಾಡುತ್ತಾರೆ.

ಯೂಟ್ಯೂಬ್: ಮೊದಲ ತಪ್ಪಿಗೆ ಸಾಮಾನ್ಯವಾಗಿ ಎಚ್ಚರಿಕೆ. ಅವರು ಕೊಡುವ ಚಿಕ್ಕ ತರಬೇತಿ ಮುಗಿಸಿ, 90 ದಿನ ಅದೇ ನಿಯಮ ಮುರಿಯದಿದ್ದರೆ ಆ ಎಚ್ಚರಿಕೆ ಅಳಿಯುತ್ತದೆ. ಆಮೇಲೆ ಸ್ಟ್ರೈಕ್, ಅಂದರೆ ನಿಯಮ ಮುರಿದದ್ದಕ್ಕೆ ಖಾತೆಯ ಮೇಲೆ ಬೀಳುವ ದಂಡದ ಗುರುತು. ಮೊದಲನೆಯದಕ್ಕೆ 1 ವಾರ, ಅದೇ 90 ದಿನದೊಳಗೆ ಎರಡನೆಯದು ಬಿದ್ದರೆ 2 ವಾರ ಏನೂ ಹಾಕುವಂತಿಲ್ಲ. ಮೂರನೆಯದು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ತೀರಾ ಗಂಭೀರ ಎನಿಸಿದರೆ ಸ್ಟ್ರೈಕ್‌ಗಾಗಿ ಕಾಯದೆ ನೇರವಾಗಿ ಚಾನೆಲ್ ತೆಗೆಯುವುದೂ ಉಂಟು. ಸ್ಟ್ರೈಕ್ ಬಂದ ತಕ್ಷಣ ಗಾಬರಿಯಲ್ಲಿ ವಿಡಿಯೊ ಡಿಲೀಟ್ ಮಾಡುವವರೇ ಹೆಚ್ಚು. ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುವುದಿಲ್ಲ. ಮೇಲ್ಮನವಿಗೆ ತೋರಿಸಬೇಕಾದ ವಸ್ತುವನ್ನು ನೀವೇ ಕಳೆದುಕೊಂಡಿರುತ್ತೀರಿ. ಒಂದು ಸ್ಟ್ರೈಕ್‌ಗೆ ಒಂದೇ ಮೇಲ್ಮನವಿ. ಆದ್ದರಿಂದ ಸಿಟ್ಟಿನಲ್ಲಿ ರಾತ್ರಿ ಹನ್ನೆರಡಕ್ಕೆ ಒತ್ತಬೇಡಿ, ಬೆಳಿಗ್ಗೆ ಬರೆಯಿರಿ. ಎರಡನೇ ಚಾನೆಲ್ ತೆರೆದು ಅದೇ ವಿಡಿಯೊ ಹಾಕುವುದು ಇನ್ನೂ ಕೆಟ್ಟ ಉಪಾಯ. ನಿರ್ಬಂಧ ತಪ್ಪಿಸಿಕೊಳ್ಳುವ ಯತ್ನವೆಂದು ಎಣಿಸಿ ಎರಡನ್ನೂ ತೆಗೆಯಬಹುದು.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಥ್ರೆಡ್ಸ್: ಸೂಚನೆಯಲ್ಲೇ "ಈ ನಿರ್ಧಾರ ಒಪ್ಪುವುದಿಲ್ಲ" ಎಂಬರ್ಥದ ಗುಂಡಿ ಇರುತ್ತದೆ. ಎಷ್ಟೋ ಸಲ ಅಲ್ಲಿ ವಿವರ ಬರೆಯಲು ಜಾಗವೇ ಇರುವುದಿಲ್ಲ, ಕಾರಣಗಳ ಪಟ್ಟಿಯಿಂದ ಒಂದನ್ನು ಆರಿಸಬೇಕಷ್ಟೆ. ಬೇಸರ ಬೇಡ, ಆರಿಸಿ ಕಳಿಸಿ. ವಿವರ ಹೇಳುವ ಜಾಗ ಮುಂದಿನ ಹಂತದಲ್ಲಿದೆ. ಖಾತೆಯೇ ಅಮಾನತಾಗಿದ್ದರೆ ಆಕ್ಷೇಪಿಸಲು 180 ದಿನ ಇರುತ್ತದೆ. ಆ ಅವಧಿ ದಾಟಿದರೆ ಖಾತೆ ಕಾಯಂ ಹೋದಂತೆಯೇ.

ವಾಟ್ಸ್‌ಆ್ಯಪ್: ನಂಬರ್ ಬ್ಯಾನ್ ಆದಾಗ ಆ್ಯಪ್ ತೆರೆದರೆ ಮರುಪರಿಶೀಲನೆ ಕೋರುವ ಗುಂಡಿ ಕಾಣುತ್ತದೆ. ಹೊರಗಿನವರು ಮಾಡಿದ ಜಿಬಿ ವಾಟ್ಸ್‌ಆ್ಯಪ್‌ನಂಥವನ್ನು ಬಳಸುತ್ತಿದ್ದರೆ ಮೊದಲು ಅದನ್ನು ತೆಗೆದು ಅಧಿಕೃತ ಆ್ಯಪ್ ಹಾಕಿಕೊಳ್ಳಿ. ಕಾರಣ ಅದೇ ಇರಬಹುದು.

ಮೆಟಾದವರ ಕೊನೆಯ ಉತ್ತರವೂ "ಇಲ್ಲ" ಎಂದಾದರೆ ಓವರ್‌ಸೈಟ್ ಬೋರ್ಡ್ ಎಂಬ ಹೊರಗಿನ ಮಂಡಳಿಗೆ ಹೋಗಬಹುದು. 2020ರ ಅಕ್ಟೋಬರ್‌ನಿಂದ ಅದು ಅರ್ಜಿ ತೆಗೆದುಕೊಳ್ಳುತ್ತಿದೆ. ಮೆಟಾದ ಕೊನೆಯ ನಿರ್ಧಾರದ ಜೊತೆ ಬರುವ ಉಲ್ಲೇಖ ಸಂಖ್ಯೆ ಬೇಕು, 15 ದಿನದೊಳಗೆ ಹಾಕಬೇಕು. ಆ ಪೋಸ್ಟಿನ ಮಟ್ಟಿಗೆ ಮಂಡಳಿ ಹೇಳಿದ್ದನ್ನು ಮೆಟಾ ಪಾಲಿಸಲೇಬೇಕು. ಬಂದ ಅರ್ಜಿಗಳಲ್ಲಿ ಅವರು ಕೈಗೆತ್ತಿಕೊಳ್ಳುವುದು ಮಾತ್ರ ತೀರಾ ಕಡಿಮೆ. ಹಾಕಿಡಿ, ಅದನ್ನೇ ನಂಬಿ ಕೂರಬೇಡಿ.

ಹಂತ 4: ಕುಂದುಕೊರತೆ ಅಧಿಕಾರಿಗೆ ದೂರು

ಗ್ರೀವೆನ್ಸ್ ಆಫೀಸರ್ ಎನ್ನುವುದು ಇವರನ್ನೇ. ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣ ಭಾರತದಲ್ಲೇ ವಾಸವಿರುವ ಒಬ್ಬರನ್ನು ಈ ಹುದ್ದೆಗೆ ನೇಮಿಸಬೇಕು, ಹೆಸರು ಮತ್ತು ವಿಳಾಸ ಪ್ರಕಟಿಸಬೇಕು. ಆಯಾ ತಾಣದ ಸಹಾಯ ಕೇಂದ್ರದಲ್ಲಿ "ಇಂಡಿಯಾ ಗ್ರೀವೆನ್ಸ್" ಎಂದು ಹುಡುಕಿದರೆ ಸಿಗುತ್ತದೆ.

ಆ್ಯಪ್‌ನೊಳಗಿನ ಮೇಲ್ಮನವಿಗೂ ಇದಕ್ಕೂ ವ್ಯತ್ಯಾಸವಿದೆ. ಅದು ಕಂಪನಿಯ ಮನೆಯೊಳಗಿನ ವ್ಯವಸ್ಥೆ. ಇದು ಕಾನೂನಿನ ವ್ಯವಸ್ಥೆ. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ತೀರ್ಮಾನಕ್ಕೆ 2021ರ ನಿಯಮ 15 ದಿನ ಕೊಟ್ಟಿತ್ತು. ಆಮೇಲಿನ ತಿದ್ದುಪಡಿಗಳು ಗಡುವುಗಳನ್ನು ಮೊಟಕು ಮಾಡುತ್ತಲೇ ಬಂದಿವೆ, ಹಾಗಾಗಿ 15 ದಿನವನ್ನು ಅತಿ ಹೆಚ್ಚೆಂದರೆ ಎಂದು ಲೆಕ್ಕ ಹಾಕಿ. ಸ್ವೀಕೃತಿ ಸಂಖ್ಯೆ ಬಾರದಿದ್ದರೆ ದೂರು ದಾಖಲಾಗಿಲ್ಲ ಎಂದೇ ತಿಳಿದು ಮತ್ತೆ ಕಳಿಸಿ.

ನಿಮ್ಮ ಕೈಯಲ್ಲಿರುವ ಗಟ್ಟಿ ವಾದ ಐಟಿ ನಿಯಮಗಳಲ್ಲಿನ ನಿಯಮ 4(8). ದೊಡ್ಡ ಜಾಲತಾಣವೊಂದು ತಾನಾಗಿಯೇ ಪೋಸ್ಟ್ ತೆಗೆಯುವ ಮೊದಲು, ಏನು ಕ್ರಮ, ಯಾಕೆ ಎಂದು ಹಾಕಿದವರಿಗೆ ತಿಳಿಸಬೇಕು. ಆಕ್ಷೇಪಿಸಿ ಮರಳಿ ಹಾಕಿಸಿಕೊಳ್ಳಲು ಸಾಕಷ್ಟು ಅವಕಾಶ ಕೊಡಬೇಕು. 2022ರ ಅಕ್ಟೋಬರ್ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: ಸಂವಿಧಾನದ 14, 19, 21ನೇ ವಿಧಿಯ ಹಕ್ಕುಗಳನ್ನು ಕಂಪನಿ ಗೌರವಿಸಬೇಕು. 19ನೇ ವಿಧಿಯ ಹೆಸರೆತ್ತುವುದಾದರೆ ಅದಕ್ಕೆ ಸರಿಯಾದ ಜಾಗ ಇದು. ಅದೇ ತಿದ್ದುಪಡಿಯ ಪ್ರಕಾರ ತಾಣದ ನಿಯಮಗಳು ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಬಳಕೆದಾರ ಬಯಸಿದ್ದರಲ್ಲಿ ಸಿಗಬೇಕು; ಕನ್ನಡವೂ ಆ ಪಟ್ಟಿಯಲ್ಲಿದೆ.

ಈಗ ಬರೆಯುವ ಬಗೆ. ನಿಮ್ಮ ದೂರನ್ನು ಓದುವವರಿಗೆ ಕನ್ನಡ ಬರುತ್ತದೆ, ಕರ್ನಾಟಕ ಗೊತ್ತು ಎಂದು ಭಾವಿಸಬೇಡಿ. "ನಗಿಸಿ ನಗಿಸಿ ಸಾಯಿಸ್ಬಿಟ್ಟ ಗುರು" ಎಂದು ಹಾಸ್ಯನಟನನ್ನು ಹೊಗಳಿದ್ದು ಯಂತ್ರಕ್ಕೆ ಕೊಲೆಯ ಮಾತಾಗಿ ಕಾಣಬಹುದು. ಚಿತ್ರಗಳದ್ದೂ ಇದೇ ಕಥೆ. ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ 2019ರಲ್ಲಿ ಅಮಾನತಾದಾಗ ಆಕ್ಷೇಪಕ್ಕೆ ಒಳಗಾದವುಗಳಲ್ಲಿ ಒಂದು ಅವರ ಕವರ್ ಫೋಟೊ: ನಾಜಿ ಸೆಲ್ಯೂಟ್ ಹೊಡೆಯುತ್ತಿರುವ ಗುಂಪಿನ ನಡುವೆ ಕೈಕಟ್ಟಿ ನಿಂತ ಒಬ್ಬ ಜರ್ಮನ್ ಕಾರ್ಮಿಕ. ನಾಜಿಗಳನ್ನು ಧಿಕ್ಕರಿಸಿದವನ ಚಿತ್ರವೇ ದ್ವೇಷದ ಚಿತ್ರದ ಲೆಕ್ಕಕ್ಕೆ ಬಿತ್ತು. ಅವರು ದೆಹಲಿ ಹೈಕೋರ್ಟ್‌ವರೆಗೂ ಹೋದರು. ಸಂದರ್ಭ ಗೊತ್ತಿಲ್ಲದವರಿಗೆ ಸಂದರ್ಭ ಹೇಳುವುದು ನಿಮ್ಮದೇ ಕೆಲಸ.

ಒಂದು ಮಾದರಿ ನೋಡೋಣ. ಕೊಡಗಿನವರೊಬ್ಬರು ಕೈಲ್ ಪೊಳ್ದ್ ಹಬ್ಬದ ದಿನ, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆಗಿಟ್ಟ ಕೋವಿಗಳ ಫೋಟೊ ಹಾಕಿದರು, ಶಸ್ತ್ರಾಸ್ತ್ರ ಮಾರಾಟದ ನಿಯಮದಡಿ ಅದು ಹೋಯಿತು ಎಂದಿಟ್ಟುಕೊಳ್ಳಿ. ದೂರು ಹೀಗಿರಬೇಕು:

"ನಾನು ಸೆಪ್ಟೆಂಬರ್ 3ರಂದು ಬೆಳಿಗ್ಗೆ 9.40ಕ್ಕೆ ಹಾಕಿದ ಫೋಟೊವನ್ನು (ಲಿಂಕ್) ಅದೇ ದಿನ 'ನಿರ್ಬಂಧಿತ ಸರಕು ಮತ್ತು ಸೇವೆ' ನಿಯಮದಡಿ ತೆಗೆಯಲಾಗಿದೆ. ಶೀರ್ಷಿಕೆಯ ಪೂರ್ಣ ಪಾಠ: 'ಎಲ್ಲರಿಗೂ ಕೈಲ್ ಪೊಳ್ದ್ ಶುಭಾಶಯ'. ಇದು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಆಯುಧಗಳಿಗೆ ಪೂಜೆ ಮಾಡುವ ಸಾಂಪ್ರದಾಯಿಕ ಹಬ್ಬ. ಫೋಟೊದಲ್ಲಿ ಬೆಲೆ, ಫೋನ್ ನಂಬರ್, ಮಾರುವ ಅಥವಾ ಕೊಳ್ಳುವ ಮಾತು ಯಾವುದೂ ಇಲ್ಲ. ಯಾರಿಗೂ ಬೆದರಿಕೆ ಇಲ್ಲ. ತೆಗೆಯುವ ಮೊದಲು ನಿಯಮ 4(8)ರಂತೆ ಆಕ್ಷೇಪಿಸಲು ಅವಕಾಶ ಕೊಟ್ಟಿಲ್ಲ. ಆ್ಯಪ್‌ನಲ್ಲಿ ಸೆಪ್ಟೆಂಬರ್ 4ರಂದು ಕೋರಿದ ಮರುಪರಿಶೀಲನೆ ಕಾರಣ ಹೇಳದೆ ತಿರಸ್ಕೃತವಾಗಿದೆ. ಫೋಟೊ ಮರಳಿಸಿ, ಖಾತೆಯ ಮೇಲಿನ ಸ್ಟ್ರೈಕ್ ಅಳಿಸಬೇಕೆಂದು ಕೋರುತ್ತೇನೆ."

ಇದನ್ನು ಇಂಗ್ಲಿಷ್‌ನಲ್ಲಿ ಮೊದಲು, ಕನ್ನಡ ಮೂಲವನ್ನು ಕೆಳಗೆ ಇಟ್ಟು ಕಳಿಸಿ. ಯಂತ್ರಾನುವಾದ ಬಳಸಿದರೆ ಆಡುಮಾತು, ಗಾದೆ, ಬೈಗುಳ ಇರುವ ಸಾಲುಗಳನ್ನು ಕೈಯಾರೆ ತಿದ್ದಿ. ಅನುವಾದದಲ್ಲಿ "ಕೊಲ್ಲುತ್ತೇನೆ" ಎಂದು ಬಂದುಬಿಟ್ಟರೆ ನಿಮ್ಮ ಮನವಿಯೇ ನಿಮ್ಮ ವಿರುದ್ಧ ಸಾಕ್ಷಿ. ಮಾದರಿಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ದೇಶಭಕ್ತಿ ಇಲ್ಲ, ಕೋರ್ಟಿಗೆಳೆಯುವ ಬೆದರಿಕೆ ಇಲ್ಲ, "ಬೇರೆಯವರು ಇದಕ್ಕಿಂತ ಕೆಟ್ಟದ್ದು ಹಾಕಿದ್ದಾರೆ" ಎಂಬ ಮಾತಿಲ್ಲ. ಕೊನೆಯದನ್ನು ಎಲ್ಲರೂ ಬರೆಯುತ್ತಾರೆ. ಅದರಿಂದ ಆಗುವುದು ಇಷ್ಟೆ: ನಿಮ್ಮದೂ ಕೆಟ್ಟದ್ದೇ ಎಂದು ನೀವೇ ಒಪ್ಪಿಕೊಂಡಂತೆ.

ಹಂತ 5: ಜಿಎಸಿ

ಗ್ರೀವೆನ್ಸ್ ಅಪೆಲೇಟ್ ಕಮಿಟಿ, ಅಂದರೆ ಕುಂದುಕೊರತೆ ಮೇಲ್ಮನವಿ ಸಮಿತಿ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇಂಥ ಮೂರು ಸಮಿತಿ ಮಾಡಿತು, ಮಾರ್ಚ್ 1ರಿಂದ ಕೆಲಸ ಶುರುವಾಯಿತು. ಎಲ್ಲವೂ ಆನ್‌ಲೈನ್, ದೆಹಲಿಗೆ ಹೋಗಬೇಕಿಲ್ಲ, ವಕೀಲರೂ ಬೇಕಿಲ್ಲ. ತಾಣದ ವಿಳಾಸ ಜಿಎಸಿ ಡಾಟ್ ಜಿಒವಿ ಡಾಟ್ ಐಎನ್.

ಕುಂದುಕೊರತೆ ಅಧಿಕಾರಿಯ ಉತ್ತರ ಕೈಸೇರಿದ ದಿನದಿಂದ 30 ದಿನದೊಳಗೆ ಇಲ್ಲಿ ಮೇಲ್ಮನವಿ ಹಾಕಬೇಕು. ನೀವು ಕೊಟ್ಟ ದೂರಿನ ಪ್ರತಿ, ಅದರ ಸ್ವೀಕೃತಿ, ಅವರ ಉತ್ತರ, ಪೋಸ್ಟಿನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಸಮಿತಿ 30 ದಿನದೊಳಗೆ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ನಿಯಮ. "ಯತ್ನಿಸಬೇಕು" ಎಂಬುದಕ್ಕೂ "ಮುಗಿಸಬೇಕು" ಎಂಬುದಕ್ಕೂ ಅಂತರವಿದೆ, ಗಮನದಲ್ಲಿರಲಿ. ಆದೇಶವನ್ನು ಕಂಪನಿ ಪಾಲಿಸಬೇಕು, ಪಾಲಿಸಿದ ವರದಿಯನ್ನು ತನ್ನ ತಾಣದಲ್ಲಿ ಹಾಕಬೇಕು.

ಇಲ್ಲಿ ಜನ ಮುಗ್ಗರಿಸುವುದು ಎರಡು ಕಡೆ. ಆ್ಯಪ್‌ನೊಳಗಿನ ಮೇಲ್ಮನವಿಯ ಉತ್ತರವನ್ನೇ ಕುಂದುಕೊರತೆ ಅಧಿಕಾರಿಯ ಉತ್ತರ ಎಂದುಕೊಂಡು ನೇರ ಜಿಎಸಿಗೆ ಬರುತ್ತಾರೆ; ನಾಲ್ಕನೇ ಹಂತ ಮುಗಿಸದವರ ಅರ್ಜಿ ಇಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ಅಧಿಕಾರಿಯ ಉತ್ತರ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ, 30 ದಿನ ಅಲ್ಲೇ ಕಳೆದಿರುತ್ತದೆ. ದೂರು ಕೊಟ್ಟ ಮೇಲೆ ದಿನಕ್ಕೊಮ್ಮೆ ಸ್ಪ್ಯಾಮ್ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಈ ಸಮಿತಿಗಳನ್ನು ನೇಮಿಸುವುದು ಕೇಂದ್ರ ಸರ್ಕಾರ. ಮೂರಕ್ಕೂ ಅಧ್ಯಕ್ಷರು ಕೇಂದ್ರದ ಗೃಹ, ವಾರ್ತಾ ಮತ್ತು ಪ್ರಸಾರ, ಐಟಿ ಸಚಿವಾಲಯಗಳ ಕಡೆಯ ಅಧಿಕಾರಿಗಳು. ಕಂಪನಿಯ ಯಂತ್ರ ಮಾಡಿದ ತಪ್ಪನ್ನು ಸರಿಪಡಿಸಿಕೊಳ್ಳಲು ಇದು ಒಳ್ಳೆಯ ದಾರಿಯೇ. ನಿಮ್ಮ ಪೋಸ್ಟ್ ಸರ್ಕಾರವನ್ನೇ ಟೀಕಿಸಿದ್ದಾದರೆ ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು ಎಂಬುದನ್ನು ನೀವೇ ಅಂದಾಜು ಮಾಡಿ.

ಹಂತ 6: ಕಾಪಿರೈಟ್ ಆದರೆ

ಇದರ ದಾರಿ ಪೂರ್ತಿ ಬೇರೆ. ಯೂಟ್ಯೂಬ್‌ನಲ್ಲಾದರೆ ಮೊದಲು ಕಂಟೆಂಟ್ ಐಡಿ ಕ್ಲೇಮ್ ಯಾವುದು, ಕಾಪಿರೈಟ್ ಸ್ಟ್ರೈಕ್ ಯಾವುದು ಬೇರೆ ಮಾಡಿಕೊಳ್ಳಿ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಬಂತೆಂದು ಯಂತ್ರ ಗುರುತಿಸಿ ಜಾಹೀರಾತಿನ ಹಣವನ್ನು ಆಡಿಯೊ ಕಂಪನಿಗೆ ತಿರುಗಿಸುವುದು ಕ್ಲೇಮ್. ಚಾನೆಲ್‌ಗೆ ಅದರಿಂದ ಅಪಾಯವಿಲ್ಲ. ಹಾಡಿನ ಭಾಗ ಕತ್ತರಿಸಿದರೆ ಅಥವಾ ಬದಲಿಸಿದರೆ ಕ್ಲೇಮ್ ಬಿಡುತ್ತದೆ. ಯಾರೋ ಕಾನೂನು ಪ್ರಕಾರ ದೂರು ಕೊಟ್ಟು ವಿಡಿಯೊ ತೆಗೆಸಿದ್ದು ಸ್ಟ್ರೈಕ್. ಇಂಥ ಮೂರು ಬಿದ್ದರೆ ಚಾನೆಲ್‌ಗೆ ಕುತ್ತು.

ಸ್ಟ್ರೈಕ್‌ಗೆ ಉತ್ತರ ಪ್ರತಿ-ನೋಟಿಸ್, ಅಂದರೆ ಈ ದೂರು ತಪ್ಪು ಎಂದು ನೀವು ಪ್ರಮಾಣ ಮಾಡಿ ಕೊಡುವ ಪತ್ರ. ದೂರು ಕೊಟ್ಟವರು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದ ದಾಖಲೆ ತೋರಿಸದಿದ್ದರೆ ವಿಡಿಯೊ ಮರಳುತ್ತದೆ. ಆದರೆ ನಿಮ್ಮ ನಿಜವಾದ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತದೆ. ಸುಳ್ಳು ಪ್ರಮಾಣಕ್ಕೆ ಕಾನೂನಿನ ಹೊಣೆಯೂ ಇದೆ. ಹೆಸರು ಮರೆಮಾಡಿ ರಾಜಕೀಯ ವಿಡಂಬನೆ ಮಾಡುವವರು ಇದನ್ನು ಎರಡು ಸಲ ಯೋಚಿಸಬೇಕು. ಕಾಪಿರೈಟ್ ದೂರನ್ನು ವಿಳಾಸ ಹೊರಗೆಳೆಯುವ ಸಾಧನವಾಗಿ ಬಳಸುವವರೂ ಇದ್ದಾರೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆ, ಟೀಕೆ, ಪ್ರಚಲಿತ ವಿದ್ಯಮಾನದ ವರದಿಗೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಸಿನಿಮಾ ವಿಮರ್ಶೆಗೆ ದೃಶ್ಯದ ತುಣುಕು ಬಳಸಿದ್ದರೆ ಇದನ್ನು ಹೆಸರಿಸಿ. "30 ಸೆಕೆಂಡ್‌ವರೆಗೆ ಯಾರೂ ಕೇಳುವಂತಿಲ್ಲ" ಎಂಬುದು ಯಾವ ಕಾನೂನಿನಲ್ಲೂ ಇಲ್ಲ, ಯೂಟ್ಯೂಬರ್‌ಗಳು ಒಬ್ಬರಿಗೊಬ್ಬರು ಹೇಳಿಕೊಂಡು ಬಂದದ್ದು.

ಹಂತ 7: ಸರ್ಕಾರದ ಆದೇಶವಾದರೆ

ಕಂಪನಿಗೆ ಎಷ್ಟು ಬರೆದರೂ ಇಲ್ಲಿ ಫಲವಿಲ್ಲ, ಆದೇಶ ಅವರದಲ್ಲ. ಐಟಿ ಕಾಯ್ದೆಯ ಎರಡು ಕಲಂಗಳ ಮೂಲಕ ಇದು ನಡೆಯುತ್ತದೆ.

69ಎ ಕಲಂ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ನಿರ್ದಿಷ್ಟ ಕಾರಣಗಳಿಗೆ ಕೇಂದ್ರ ತಡೆ ಹಾಕುವ ಅಧಿಕಾರ. ಇದಕ್ಕೆ 2009ರ ಬ್ಲಾಕಿಂಗ್ ನಿಯಮಗಳಿವೆ. ಸಮಿತಿ, ನೋಟಿಸ್, ಲಿಖಿತ ಕಾರಣ ಎಲ್ಲ ಇರಬೇಕು. ಆದರೆ 16ನೇ ನಿಯಮ ಇದನ್ನೆಲ್ಲ ಗೋಪ್ಯ ಎನ್ನುತ್ತದೆ. ಆರ್‌ಟಿಐ ಅರ್ಜಿಗೆ ಇದೇ ನಿಯಮ ತೋರಿಸಿ ಕೈ ಚೆಲ್ಲುವುದು ಮಾಮೂಲು, ಹಾಗಾಗಿ ಆರ್‌ಟಿಐ ಒಂದನ್ನೇ ನೆಚ್ಚಿ ತಿಂಗಳುಗಳನ್ನು ಕಳೆಯಬೇಡಿ.

79(3)(ಬಿ) ಕಲಂ: ಬಳಕೆದಾರರು ಹಾಕಿದ್ದಕ್ಕೆ ಕಂಪನಿ ಹೊಣೆಯಲ್ಲ ಎಂಬ ರಕ್ಷಣೆ 79ನೇ ಕಲಂನಲ್ಲಿದೆ. ಕಾನೂನುಬಾಹಿರ ಎಂದು ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ಇಂಥ ಸೂಚನೆ ಕಳಿಸಲು ಸಹಯೋಗ್ ಎಂಬ ಪೋರ್ಟಲ್ ಇದೆ. 2025ರ ನವೆಂಬರ್ 15ರಿಂದ, ಜಂಟಿ ಕಾರ್ಯದರ್ಶಿ ಅಥವಾ ಅದಕ್ಕೂ ಮೇಲಿನ ದರ್ಜೆಯವರು, ಪೊಲೀಸರಲ್ಲಾದರೆ ವಿಶೇಷವಾಗಿ ಅಧಿಕಾರ ಕೊಟ್ಟ ಡಿಐಜಿ ದರ್ಜೆಯವರು ಮಾತ್ರ ಇದನ್ನು ಕಳಿಸಬಹುದು. ತೆಗೆಯಲು ಕಂಪನಿಗಿದ್ದ 36 ಗಂಟೆಯನ್ನು 2026ರ ಫೆಬ್ರುವರಿಯಲ್ಲಿ 3 ಗಂಟೆಗೆ ಇಳಿಸಲಾಯಿತು. ಮೂರು ಗಂಟೆಯಲ್ಲಿ ಯಾವ ಕಂಪನಿಯೂ ನಿಮ್ಮ ಪೋಸ್ಟಿನ ಸಂದರ್ಭ ಓದಿ, ವಕೀಲರನ್ನು ಕೇಳಿ, ಬೇಡ ಎಂದು ಉತ್ತರಿಸುತ್ತ ಕೂರುವುದಿಲ್ಲ. ತೆಗೆದುಬಿಡುತ್ತದೆ.

ಈ ಜಗಳದ ದೊಡ್ಡ ಪ್ರಕರಣಗಳೆರಡೂ ನಡೆದದ್ದು ಕರ್ನಾಟಕ ಹೈಕೋರ್ಟಿನಲ್ಲೇ. 69ಎ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಅರ್ಜಿಯನ್ನು 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿದರು. ಸಹಯೋಗ್ ವಿರುದ್ಧದ ಎಕ್ಸ್ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾ ಮಾಡಿದರು. ಎರಡರಲ್ಲೂ ಅರ್ಜಿದಾರರು ಕಂಪನಿ. 19ನೇ ವಿಧಿಯ ಹಕ್ಕು ಭಾರತದ ಪ್ರಜೆಗಳದ್ದು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ ಎಂಬುದು ಅದರ ವಿರುದ್ಧ ನಿಂತ ಮುಖ್ಯ ಮಾತುಗಳಲ್ಲೊಂದು. ನೀವು ಪ್ರಜೆ, ಬರೆದವರೂ ನೀವೇ. ನಿಮಗೆ ಆ ತೊಡಕಿಲ್ಲ. ಬರೆದವರೇ ಕೋರ್ಟಿಗೆ ಹೋದರೆ ಏನಾಗಬಹುದು ಎಂಬುದಕ್ಕೆ ಉದಾಹರಣೆ "ಡೌರಿ ಕ್ಯಾಲ್ಕುಲೇಟರ್" ಎಂಬ ವಿಡಂಬನೆಯ ಜಾಲತಾಣ. 2018ರಲ್ಲಿ ಅದಕ್ಕೆ ತಡೆ ಬಿತ್ತು. 2022ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ತಡೆ ಆದೇಶದ ಪ್ರತಿಯನ್ನು ಅದನ್ನು ಮಾಡಿದವರಿಗೆ ಕೊಡಬೇಕು, ಅವರ ಮಾತನ್ನೂ ಕೇಳಬೇಕು ಎಂದಿತು.

ಮಾಡಬೇಕಾದ್ದು ಇಷ್ಟು. ಕಂಪನಿ ಕಳಿಸಿದ ಇಮೇಲ್‌ನಲ್ಲಿ ಯಾವ ಕಲಂ, ಯಾವ ಇಲಾಖೆ ಎಂದಿದೆಯೇ ನೋಡಿ. ಇಲ್ಲದಿದ್ದರೆ ಅದನ್ನೇ ಕೇಳಿ ಉತ್ತರ ಬರೆಯಿರಿ. ಐಟಿ ಸಚಿವಾಲಯಕ್ಕೆ ಆದೇಶದ ಪ್ರತಿ ಮತ್ತು ವಿಚಾರಣೆ ಕೋರಿ ಲಿಖಿತ ಮನವಿ ಕೊಡಿ. ಉತ್ತರ ಬಾರದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಬೆಂಗಳೂರಿಗೇ ಬರಬೇಕೆಂದಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100.

ಪೋಸ್ಟಿನ ಮೇಲೆ ಎಫ್‌ಐಆರ್ ಕೂಡ ಆಗಿದ್ದರೆ ಮೇಲಿನ ಯಾವ ಮನವಿಯನ್ನೂ ವಕೀಲರಿಗೆ ತೋರಿಸದೆ ಕಳಿಸಬೇಡಿ. "ನಾನೇ ಬರೆದದ್ದು, ಉದ್ದೇಶ ಇದು" ಎಂದು ನೀವು ಕಂಪನಿಗೆ ಬರೆದುಕೊಟ್ಟದ್ದು ತನಿಖಾಧಿಕಾರಿಯ ಕೈಗೂ ಹೋಗಬಹುದು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಕಲಂ ಅಡಿ ಕೇಸು ಎಂದು ಯಾರಾದರೂ ಹೆದರಿಸಿದರೆ, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಆ ಕಲಂ ರದ್ದು ಮಾಡಿದೆ ಎಂಬುದನ್ನು ತಿಳಿಸಿ.

ಹಂತ 8: ವಾಪಸ್ ಬಂದ ಮೇಲೆ

ಪೋಸ್ಟ್ ಮರಳಿತೆಂದು ಖುಷಿಯಲ್ಲಿ ಇಲ್ಲಿಗೆ ಬಿಡುವವರು ಬಹಳ. ಪೋಸ್ಟ್ ಬಂದರೂ ಅದಕ್ಕೆ ಬಿದ್ದ ಸ್ಟ್ರೈಕ್ ಖಾತೆಯಲ್ಲಿ ಹಾಗೇ ಉಳಿದಿರಬಹುದು. ಅಕೌಂಟ್ ಸ್ಟೇಟಸ್ ಅಥವಾ ಸ್ಟುಡಿಯೊ ತೆರೆದು ಎಣಿಕೆ ಇಳಿದಿದೆಯೇ ನೋಡಿ. ಹಣಗಳಿಕೆ, ಲೈವ್, ಜಾಹೀರಾತು ಹಾಕುವ ಅವಕಾಶ ಒಂದೊಂದೂ ಬೇರೆ ಬೇರೆ ಸ್ವಿಚ್. ಒಂದು ಮರಳಿದರೆ ಎಲ್ಲವೂ ಮರಳುವುದಿಲ್ಲ. ಉಳಿದಿದ್ದರೆ ಹಳೆಯ ದೂರಿನ ಸಂಖ್ಯೆಯನ್ನೇ ಹೆಸರಿಸಿ ಕುಂದುಕೊರತೆ ಅಧಿಕಾರಿಗೆ ಇನ್ನೊಂದು ಸಾಲು ಬರೆಯಿರಿ. ಪೋಸ್ಟ್ ಮರಳಿದೆ ಎಂಬ ಅವರ ಇಮೇಲನ್ನು ಅಳಿಸಬೇಡಿ. ಆರು ತಿಂಗಳ ನಂತರ ಅದೇ ಫೋಟೊ ಮತ್ತೆ ಸಿಕ್ಕಿಬಿದ್ದಾಗ ಮನವಿಯ ಮೊದಲ ಸಾಲಿಗೆ ಬೇಕಾಗುವುದು ಅದೇ.